ಸುಟ್ಟ ಮೇಲೂ ಗಡ್ಡೆ ಒಳಗೇ ಇದೆಯಲ್ಲ ಡಾಕ್ಟ್ರೇ?

ಇದೆ. ಒಳಗೇ ಇದೆ. ಅಲ್ಲೇ ಇರಬೇಕು. ಇಷ್ಟಕ್ಕೇ ಯಾರೂ ಸುಮ್ಮನಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲಿವರ್‌ನ ಸಣ್ಣ ಗಡ್ಡೆಗಳನ್ನು ಹೊಟ್ಟೆ ಕೊಯ್ಯದೆ ಸುಡುವುದು ನನ್ನ ಕೆಲಸ. ಅಲ್ಟ್ರಾಸೌಂಡ್ ಇಲ್ಲವೇ ಸಿಟಿ ಸ್ಕ್ಯಾನ್‌ನಲ್ಲಿ ನೋಡುತ್ತ ಪಕ್ಕೆಲುಬಿನ ಸಂದಿಯಿಂದ ಸೂಜಿ ಇಳಿಸಿ, ತುದಿ ಗಡ್ಡೆ ಸೇರಿದ ಮೇಲೆ ರೇಡಿಯೋ ತರಂಗದಿಂದಲೋ ಮೈಕ್ರೋವೇವ್‌ನಿಂದಲೋ ಕಾಯಿಸುತ್ತೇವೆ. (ಹೌದು, ಎಷ್ಟೋ ಯಂತ್ರಗಳದ್ದು ಅಡುಗೆಮನೆಯ ಓವನ್ನಿನದೇ 2.45 ಗಿಗಾಹರ್ಟ್ಸ್. ನಕ್ಕಾಯಿತಾ?) 60 ಡಿಗ್ರಿ ದಾಟಿದರೆ ಜೀವಕೋಶಗಳು ಅಲ್ಲೇ ಸಾಯುತ್ತವೆ. ಸತ್ತ ಭಾಗ ಕಲೆಯಾಗಿ, ನಿಧಾನಕ್ಕೆ ಕುಗ್ಗುತ್ತ ಒಳಗೇ ಕೂರುತ್ತದೆ.

ಜನರ ಅಭ್ಯಾಸ ಕೆಡಿಸಿದವರು ಸರ್ಜನ್‌ಗಳು. ಆಪರೇಷನ್ ಮುಗಿಸಿ, ತೆಗೆದದ್ದನ್ನು ಟ್ರೇನಲ್ಲಿಟ್ಟು ತಂದು ‘ನೋಡಿ, ಇದೇ’ ಅನ್ನುತ್ತಾರೆ. ಮನೆಯವರು ಫೋಟೋ ಹೊಡೆದುಕೊಳ್ಳುತ್ತಾರೆ. ನನ್ನ ಹತ್ತಿರ ತೋರಿಸಲು ಇರುವುದು ಒಂದು ಪ್ಲಾಸ್ಟರ್.

ಒಮ್ಮೆ ರೋಗಿಯೊಬ್ಬರ ಭಾವಮೈದ ತಿಂಗಳ ನಂತರದ ಸಿಟಿ ರಿಪೋರ್ಟ್ ತಂದು ಮೇಜಿನ ಮೇಲೆ ಬಡಿದರು. “ಮೊದಲು ಎರಡು ಸೆಂಟಿಮೀಟರ್ ಇತ್ತು, ಈಗ ನಾಲ್ಕು! ದುಡ್ಡು ಕೊಟ್ಟು ಬೆಳೆಸಿಕೊಂಡಂಗಾಯ್ತಲ್ಲ ಸಾರ್?” ಪುಣ್ಯಾತ್ಮ, ಆ ನಾಲ್ಕೇ ನನಗೆ ಬೇಕಿದ್ದದ್ದು. ಸುತ್ತಲಿನ ಅರ್ಧದಿಂದ ಒಂದು ಸೆಂಟಿಮೀಟರ್ ಒಳ್ಳೆಯ ಲಿವರನ್ನೂ ಸೇರಿಸಿಯೇ ಸುಡಬೇಕು. ಅಂಚಿನಲ್ಲಿ ಕಣ್ಣಿಗೆ ಬೀಳದ ನಾಲ್ಕು ಕೋಶ ಉಳಿದರೂ ಮತ್ತೆ ಚಿಗುರಬಹುದು. ಸ್ಕ್ಯಾನ್‌ನಲ್ಲಿ ರಕ್ತ ಓಡುವ ಜಾಗ ಬೆಳ್ಳಗೆ ಕಾಣಲೆಂದು ನರಕ್ಕೆ ಚುಚ್ಚುವ ಔಷಧಿ, ಕಾಂಟ್ರಾಸ್ಟ್, ಕೊಟ್ಟಾಗ ಆ ಜಾಗ ಪೂರ್ತಿ ಕಪ್ಪಾಗಿದ್ದರೆ, ಅಂದರೆ ರಕ್ತವೇ ಓಡದಿದ್ದರೆ, ಕೆಲಸ ಆಗಿದೆ. ಅಂಚಲ್ಲಿ ಚೂರು ಬೆಳ್ಳಗೆ ಹೊಳೆದರೆ ನನ್ನ ನಿದ್ದೆ ಹೋಗುತ್ತದೆ. ಪಕ್ಕದಲ್ಲೇ ದೊಡ್ಡ ರಕ್ತನಾಳ ಇದ್ದರೆ ಹರಿಯುವ ರಕ್ತ ಬಿಸಿಯನ್ನೆಲ್ಲ ಹೊತ್ತೊಯ್ದು ಆ ಬದಿ ಅರೆಬೆಂದು ಉಳಿಯುವುದೂ ಉಂಟು. ಗಡ್ಡೆ ಮೂರು ಸೆಂಟಿಮೀಟರ್ ದಾಟಿದ್ದರೆ ಈ ಭಯ ಇನ್ನೂ ಹೆಚ್ಚು, ಆಗ ಬೇರೆ ದಾರಿಯ ಮಾತು ನಾನೇ ಎತ್ತುತ್ತೇನೆ.

ಇವರೆಲ್ಲ ನನ್ನನ್ನು ಕೇಳಬೇಕಾದದ್ದು ಬೇರೆ: ಉಳಿದ ಲಿವರ್ ಹೇಗಿದೆ ಅಂತ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಬರುವುದು ಸಿರೋಸಿಸ್ ಆದವರಿಗೆ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾದವರಿಗೆ. ಅದಕ್ಕೆ ಕಾರಣ ಹೆಪಟೈಟಿಸ್ ಬಿ, ಸಿ, ಕುಡಿತ, ಈಚೆಗೆ ಫ್ಯಾಟಿ ಲಿವರ್. ನಾನು ಸುಟ್ಟದ್ದು ಒಂದು ಗಡ್ಡೆಯನ್ನು, ಅದು ಬೆಳೆದ ಮಣ್ಣು ಹಾಗೇ ಇದೆ. ಇನ್ನೊಂದು ಕಡೆ ಹೊಸದು ಬಂದರೆ ನನ್ನ ಸೂಜಿಯನ್ನು ಬೈಯುತ್ತಾರೆ.

“ನಿಮ್ಮ ಭಾವ ಕುಡಿಯೋದು ಬಿಟ್ರಾ?” ಅಂದೆ.

“ಪೂರ್ತಿ ಬಿಟ್ಟಿದ್ದಾರೆ ಸಾರ್. ಈಗ ಬರೀ ಬಿಯರ್.”

ಅದನ್ನೂ ಬಿಡಿಸಿ ಅಂದು, ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಬರೆದುಕೊಟ್ಟೆ. ಜೊತೆಗೆ ಒಂದು ಮಾತು ಹೇಳಿದೆ: ರಿಪೋರ್ಟ್ ಬಂದಾಗ ಸೆಂಟಿಮೀಟರ್ ಹುಡುಕಬೇಡಿ, ‘ಎನ್‌ಹಾನ್ಸ್‌ಮೆಂಟ್’ (ಆ ಬೆಳ್ಳಗಿನ ಹೊಳಪು) ಅನ್ನುವುದರ ಹಿಂದೆ ‘ನೋ’ ಇದೆಯಾ ಅಂತ ನೋಡಿ.