ಕೆಲಸಕ್ಕೆ ಸೇರಿದವರು ಯಾಕೆ ನಿಲ್ಲುತ್ತಿಲ್ಲ?

"ಎಷ್ಟು ಜನರನ್ನ ತಗೊಂಡ್ರೂ ಮೂರು ತಿಂಗಳಲ್ಲಿ ಬಿಟ್ಟು ಹೋಗ್ತಾರೆ, ಏನು ಮಾಡೋಣ?" ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುವ ನನ್ನನ್ನು ಕಂಪನಿಯವರು ಜಾಸ್ತಿ ಕೇಳುವ ಪ್ರಶ್ನೆ ಇದು. ಸಂಬಳ ಏರಿಸಬೇಕಾ, ಜಾಹೀರಾತು ಬದಲಿಸಬೇಕಾ ಅಂತಲೂ ಕೇಳುತ್ತಾರೆ. ಸಂಬಳ ನ್ಯಾಯವಾಗಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಮೊದಲು ಕೇಳುವುದೇ ಬೇರೆ. ನಿಮ್ಮ ಸೂಪರ್‌ವೈಸರ್‌ಗಳಿಗೆ ಜನರ ಕೈಲಿ ಕೆಲಸ ಮಾಡಿಸುವುದನ್ನು ಯಾರಾದರೂ ಹೇಳಿಕೊಟ್ಟಿದ್ದಾರಾ?

ಹೊಸಬರಿಗೆ ಕಂಪನಿ ಅಂದರೆ ದಿನಾ ಎದುರಿಗೆ ಸಿಗುವ ಈ ಸೂಪರ್‌ವೈಸರ್ರೇ. ರಜೆ ಕೇಳುವುದು ಅವರ ಹತ್ತಿರ, ಶಿಫ್ಟ್ ಹಾಕುವವರು ಅವರು, ತಪ್ಪಾದಾಗ ಎಲ್ಲರೆದುರು ಬೈಯುವುದೋ ಪಕ್ಕಕ್ಕೆ ಕರೆದು ಹೇಳುವುದೋ ಅನ್ನುವುದೂ ಅವರಿಗೇ ಬಿಟ್ಟಿದ್ದು.

ಆ ಜಾಗಕ್ಕೆ ನಾವು ಯಾರನ್ನು ಕೂರಿಸುತ್ತೇವೆ? ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವರನ್ನ. ಅಮೆರಿಕದ ನೂರಕ್ಕೂ ಹೆಚ್ಚು ಕಂಪನಿಗಳ ಮಾರಾಟ ವಿಭಾಗಗಳನ್ನು ನೋಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಜಾಸ್ತಿ ಮಾರುತ್ತಿದ್ದವರಿಗೇ ಬಡ್ತಿ ಸಿಗುತ್ತಿತ್ತು, ಆದರೆ ಅವರು ಮ್ಯಾನೇಜರ್ ಆದ ಮೇಲೆ ಕೈಕೆಳಗಿನವರ ಮಾರಾಟ ಇಳಿದಿತ್ತು. ಇದು ಅವರ ತಪ್ಪಲ್ಲ. ಮಾರುವುದು ಒಂದು ಕೆಲಸ, ಮಾರುವವರನ್ನು ನೋಡಿಕೊಳ್ಳುವುದು ಇನ್ನೊಂದು ಕೆಲಸ, ಅಲ್ವಾ?

ಇದನ್ನು ಕಲಿಸಬಹುದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಏನೂ ಗೊತ್ತಿಲ್ಲದ ಹೊಸಬರು ಸಾವಿರಗಟ್ಟಲೆ ಬಂದು ಸೇರುತ್ತಿದ್ದರು. ಆಗ, 1940ರಲ್ಲಿ, ಅಲ್ಲಿನ ಸರ್ಕಾರ ಸೂಪರ್‌ವೈಸರ್‌ಗಳಿಗಾಗಿಯೇ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಅನ್ನುವ ಕಾರ್ಯಕ್ರಮ ಶುರು ಮಾಡಿತು. ಒಂದೊಂದು ಪಾಠವೂ ಹತ್ತೇ ಗಂಟೆ, ಎರಡೆರಡು ಗಂಟೆಯಂತೆ ಐದು ಸಲ. ಜನರ ಜೊತೆ ಹೇಗಿರಬೇಕು ಅನ್ನುವ ಪಾಠದಲ್ಲಿ ಮುಖ್ಯವಾಗಿ ಇದ್ದದ್ದು ನಾಲ್ಕು ಮಾತು: ಕೆಲಸ ಹೇಗೆ ನಡೆಯುತ್ತಿದೆ ಅಂತ ಅವರಿಗೆ ತಿಳಿಸಿ, ಚೆನ್ನಾಗಿ ಮಾಡಿದಾಗ ಆಗಲೇ ಮೆಚ್ಚಿಕೊಳ್ಳಿ, ಅವರಿಗೆ ಸಂಬಂಧಿಸಿದ ಬದಲಾವಣೆ ಇದ್ದರೆ ಮುಂಚೆಯೇ ಹೇಳಿ, ಒಬ್ಬೊಬ್ಬರ ಸಾಮರ್ಥ್ಯವನ್ನೂ ಪೂರ್ತಿ ಬಳಸಿಕೊಳ್ಳಿ. ಇವತ್ತಿಗೂ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಕೇಳಿಸಿಕೊಂಡರೆ ಸಾಲದು, ಬಾಯಿಬಿಟ್ಟು ಆಡಿ ಅಭ್ಯಾಸ ಮಾಡಬೇಕು. ಪದೇ ಪದೇ ತಡವಾಗಿ ಬರುವವರ ಜೊತೆ ಮೊದಲ ಮಾತು ಹೇಗೆ ಎತ್ತುತ್ತೀರಿ? ಅದನ್ನು ತರಗತಿಯಲ್ಲೇ ನಾಲ್ಕು ಸಲ ಆಡಿಸುತ್ತೇನೆ.

ಹೊಸಬರನ್ನು ಆರಿಸುವಾಗಲೂ ಸೂಪರ್‌ವೈಸರ್ ಜೊತೆಯಲ್ಲಿರಲಿ. ರಾತ್ರಿ ಪಾಳಿ ಇದೆ, ದಿನವಿಡೀ ನಿಂತಿರಬೇಕು ಅಂತ ಅವರೇ ನೇರವಾಗಿ ಹೇಳಲಿ. ಒಂದಿಬ್ಬರು ಅಲ್ಲೇ ಬೇಡ ಅನ್ನಬಹುದು, ಅನ್ನಲಿ ಬಿಡಿ, ಸೇರಿದವರಿಗೆ ಆಮೇಲೆ ಮೋಸಹೋದೆ ಅನ್ನಿಸುವುದಿಲ್ಲ.

ಒಂದು ಎಚ್ಚರಿಕೆ. ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಟ್ಟು ವಾಪಸ್ ಅದೇ ಗಡಿಬಿಡಿಗೆ ತಳ್ಳಿದರೆ ಸುಮ್ನೆ ದುಡ್ಡು ದಂಡ. ಜನರ ಜೊತೆ ಮಾತಾಡಲು ಅವರಿಗೆ ಸಮಯ ಬೇಕು, ಒಂದು ದಿನದ ರಜೆಯನ್ನಾದರೂ ತಾವೇ ಕೊಡುವ ಅಧಿಕಾರ ಬೇಕು.

ಎಲ್ಲಿಂದ ಶುರು ಮಾಡಲಿ ಅಂದರೆ, ಬಿಟ್ಟು ಹೋದವರ ಲೆಕ್ಕವನ್ನು ಸೂಪರ್‌ವೈಸರ್ ಪ್ರಕಾರ ವಿಂಗಡಿಸಿ ನೋಡಿ. ಒಂದು ಕಡೆ ಹಾಗೆ ನೋಡಿದಾಗ ಒಂದು ಪಾಳಿಯಲ್ಲಿ ಮಾತ್ರ ವರ್ಷವಿಡೀ ಯಾರೂ ಬಿಟ್ಟಿರಲಿಲ್ಲ. ಆ ಪಾಳಿಯ ಸೂಪರ್‌ವೈಸರನ್ನು ಕೇಳಿದೆ. "ನಾನೇನೂ ಮಾಡಲ್ಲ ಸಾರ್, ಹೊಸಬರು ಬಂದರೆ ಮೊದಲನೇ ವಾರ ದಿನಾ ಸಂಜೆ ಐದು ನಿಮಿಷ ಕೂತು, ಇವತ್ತು ಏನು ಕಷ್ಟ ಆಯ್ತು ಅಂತ ಕೇಳ್ತೀನಿ ಅಷ್ಟೇ" ಅಂದರು. ಮುಂದಿನ ತರಬೇತಿಯಲ್ಲಿ ಪಾಠ ಹೇಳಲು ಅವರನ್ನೇ ಕರೆದೆವು.