ರವೆ, ಬೆಲ್ಲ, ಅಗರ್

1 ಲೀಟರ್ ನೀರು, 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಒಲೆಯಿಂದ ಇಳಿಸಿದ ಮೇಲೆ 7.5 ಮಿಲಿಲೀಟರ್ ಪ್ರೊಪಿಯೋನಿಕ್ ಆಸಿಡ್. ಮಾನಸಗಂಗೋತ್ರಿಯಲ್ಲಿ ನಾನು ಮೊಟ್ಟಮೊದಲು ಬಾಯಿಪಾಠ ಮಾಡಿದ್ದು ಇದನ್ನು. ನೋಡಲು ಸಜ್ಜಿಗೆಯಂತೆಯೇ ಇರುವ ಈ ಅಡುಗೆ ಡ್ರೊಸೊಫಿಲಕ್ಕೆ, ಅಂದರೆ ಕಳಿತ ಬಾಳೆಹಣ್ಣಿನ ಮೇಲೆ ಎಲ್ಲಿಂದಲೋ ಬಂದು ಕೂರುವ, ಎಳ್ಳಿನ ಗಾತ್ರದ ಹಣ್ಣಿನ ನೊಣಕ್ಕೆ.

ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ 2003ರಲ್ಲಿ ನಾನು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ಎಂ.ಎಸ್ಸಿ.ಗೆ ಸೇರಿದೆ. ಮಂಡ್ಯದ ರೈಲ್ವೆ ಸ್ಟೇಷನ್ನಿನಲ್ಲಿ ಅಪ್ಪ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹತ್ತಿಸಿ, ಕಿಟಕಿ ಹತ್ತಿರ ಬಂದು "ಹುಷಾರು ಕಣವ್ವ" ಅಂದರು. ಪ್ಯಾಸೆಂಜರ್ ರೈಲು ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ ಅಂತ ನಿಂತು ನಿಂತು ಹೊರಟಿತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವಾಗ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಯಿಂದ ಇಣುಕಿದರು. ಬಂಡೆಗಳೇ ಕಾಣುತ್ತಿದ್ದವು. ಕನ್ನಂಬಾಡಿ ಕಟ್ಟೆ ತುಂಬದ ವರ್ಷಗಳು ಅವು. ನಾಲೆಗೆ ನೀರಿಲ್ಲದೆ ನಮ್ಮೂರಿನ ಆಲೆಮನೆಯ ಗಾಣ ನಿಂತಿತ್ತು. ಕೊಪ್ಪರಿಗೆಯನ್ನು ಮಗುಚಿ ಹಾಕಿದ್ದರು, ಅದರ ಕೆಳಗೆ ಕೋಳಿ ಕಾವಿಗೆ ಕೂತಿತ್ತು.

ಮೀಡಿಯಾ, ಅಂದರೆ ನೊಣದ ಈ ಆಹಾರ, ಮಾಡಲು ನನಗೆ ಕಲಿಸಿದವರು ಲ್ಯಾಬಿನ ಅಟೆಂಡರ್. ಅವರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಯಲು ಬಿಟ್ಟು, ಬೆಲ್ಲ ಕುಟ್ಟಿ ಹಾಕಿ ಕರಗಿಸಿ, ಕಸ ಸೋಸಿ, ಒಂದು ಕೈಯಲ್ಲಿ ರವೆ ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವಬೇಕು. "ಗಂಟು ಕಟ್ಟಿದ್ರೆ ಹುಳ ಒಳಕ್ಕೆ ಕೊರ್ಕೊಂಡು ಹೋಗಕ್ಕೆ ಆಗಲ್ಲ ಕಣಮ್ಮ" ಅನ್ನುತ್ತಿದ್ದರು. ಹುಳ ಅಂದರೆ ಮೊಟ್ಟೆಯಿಂದ ಹೊರಬಂದ ನೊಣದ ಮರಿ. ಹದ ಬಂತೇ ಎಂದು ನೋಡಲು ಸೌಟಿನಿಂದ ಒಂದು ತೊಟ್ಟು ಗಾಜಿನ ಮೇಲೆ ಬಿಡುತ್ತಿದ್ದರು. ಹರಿಯದೆ ಕೂತರೆ ಆಯಿತು. ಮೊದಲ ಸಲ ಅದನ್ನು ಕಂಡಾಗ ನನಗೆ ಗಂಟಲು ಕಟ್ಟಿಕೊಂಡಿತು. ನಮ್ಮಪ್ಪನೂ ಹಾಗೆಯೇ, ಕುದಿಯುವ ಕಬ್ಬಿನ ಹಾಲಿನಿಂದ ಒಂದು ಹನಿ ಪಾಕ ತೆಗೆದು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳ್ಸ್ರಪ್ಪ" ಎಂದು ಕೂಗುತ್ತಿದ್ದರು. ಆ ದಿನ ಮೈಸೂರು ನನಗೆ ಪರಸ್ಥಳ ಅನ್ನಿಸುವುದು ನಿಂತಿತು.

ಮೀಡಿಯಾವನ್ನು ಬಿಸಿಯಿರುವಾಗಲೇ ಬಾಟಲಿಗಳಿಗೆ ಸುರಿದು, ಗಟ್ಟಿಯಾಗಲು ಬಿಟ್ಟು, ಮೇಲೆ ಒಂದು ತೊಟ್ಟು ಯೀಸ್ಟ್ ಹಾಕಿ, ಹತ್ತಿಯ ಪ್ಲಗ್ ಬಿಗಿಯುವುದು. ಹಳೆ ಬಾಟಲಿಯ ನೊಣಗಳನ್ನು ಅದಕ್ಕೆ ತಟ್ಟಿ ಬಿಡುವುದು. ಹೇಳಲು ಇಷ್ಟೇ. ಆದರೆ ಮೊಟ್ಟೆಯಿಂದ ನೊಣವಾಗಲು ಹತ್ತು ಹನ್ನೆರಡು ದಿನ ಸಾಕಾದ್ದರಿಂದ ಈ ಕೆಲಸಕ್ಕೆ ಹಬ್ಬವಿಲ್ಲ, ಪರೀಕ್ಷೆಯಿಲ್ಲ. ಮೂರು ವಾರ ಯಾರೂ ತಿರುಗಿ ನೋಡದಿದ್ದರೆ ಮೀಡಿಯಾ ಒಣಗಿ ಒಂದು ಸ್ಟಾಕ್ ಇಲ್ಲವಾಗುತ್ತದೆ.

ಸ್ಟಾಕ್ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಟಲಿಯಿಂದ ಬಾಟಲಿಗೆ ದಾಟಿಸುತ್ತ ಉಳಿಸಿಕೊಂಡು ಬಂದ ಒಂದೇ ಕುಲದ ನೊಣಗಳ ಸಂತತಿ ಅದು. ಮೈಸೂರಿನ ಆ ಕಪಾಟುಗಳಲ್ಲಿ ಡ್ರೊಸೊಫಿಲ ನಸೂಟ ಎಂಬ ಪ್ರಭೇದವಿದೆ, ಕೊಡಗಿನಲ್ಲಿ ಹಿಡಿದು ತಂದದ್ದು. ಅದರ ಜೀವಕೋಶದಲ್ಲಿ 8 ಕ್ರೋಮೋಸೋಮ್. ಪಕ್ಕದಲ್ಲಿ ಥಾಯ್ಲೆಂಡ್ ಮೂಲದ ಆಲ್ಬೊಮಿಕನ್ಸ್, ಅದಕ್ಕೆ 6. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ಅವಳಿ ಜವಳಿ. ಲೆಕ್ಕ ಬೇರೆಯಾದರೂ ಕೂಡಿಸಿದರೆ ಮರಿಯಾಗುತ್ತವೆ, ಆ ಮರಿಗಳಿಗೂ ಮರಿಯಾಗುತ್ತವೆ. ಆ ಮಿಶ್ರ ಸಂತಾನವನ್ನು ತಲೆಮಾರು ತಲೆಮಾರು ಬೆಳೆಸಿದಾಗ ತಂದೆಯಂತೆಯೂ ಇಲ್ಲದ, ತಾಯಿಯಂತೆಯೂ ಇಲ್ಲದ, ತಮ್ಮದೇ ಕ್ರೋಮೋಸೋಮ್ ಜೋಡಣೆಯ ಹೊಸ ಕುಲಗಳು ನೆಲೆಯೂರಿದವು. ಪ್ರೊ. ಎಚ್.ಎ. ರಂಗನಾಥ್ ಮತ್ತು ಪ್ರೊ. ಎನ್.ಬಿ. ರಾಮಚಂದ್ರ ಅವರು 1980ರ ದಶಕದಲ್ಲಿ ಇವನ್ನು ಸೈಟೋರೇಸ್ ಎಂದು ಕರೆದು ಲೋಕದ ಮುಂದಿಟ್ಟರು. ಹೊಸ ಜೀವಕುಲ ಹುಟ್ಟಲು ಲಕ್ಷಾಂತರ ವರ್ಷ ಬೇಕು ಎಂದು ಓದಿದ್ದ ನನಗೆ, ಆ ದಾರಿಯ ಮೊದಲ ಹೆಜ್ಜೆಗಳು ನನ್ನ ಎದುರಿನ ಬಾಟಲಿಯಲ್ಲೇ ಇವೆ ಎಂದು ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಇಂದಿಗೂ ನನಗೆ ಮೈಸೂರಿನ ವಿಜ್ಞಾನದಲ್ಲಿ ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದು ಕಂಡಿಲ್ಲ. ಮತ್ತು ಆ ಬಾಟಲಿಗಳು ಉಳಿದಿರುವುದು ಯಾರೋ ಒಬ್ಬ ವಿದ್ಯಾರ್ಥಿ ಪ್ರತಿ ಸಲವೂ ಹೊಸ ಬಾಟಲಿಗೆ ನೊಣ ತಟ್ಟಿದ್ದರಿಂದ.

ಆ ಸರಪಳಿಯಲ್ಲಿ ನನ್ನ ಕೈಯಿಂದಲೇ ಒಂದು ಕೊಂಡಿ ಕಳಚುವುದರಲ್ಲಿತ್ತು. ದಸರಾ ರಜೆ. ಆಯುಧಪೂಜೆಗೆ ಊರಿಗೆ ಹೋಗುವ ಆತುರದಲ್ಲಿ ನಾನು ಮೀಡಿಯಾ ಮಾಡಿ, ಪ್ರೊಪಿಯೋನಿಕ್ ಆಸಿಡ್ ಹಾಕುವುದನ್ನೇ ಮರೆತಿದ್ದೆ. ಬೂಷ್ಟು ತಡೆಯುವುದು ಅದೇ. ವಾಪಸು ಬಂದು ಕಪಾಟು ತೆಗೆದರೆ ಬಾಟಲಿಗಳ ತುಂಬ ಬೂದು ಬಣ್ಣದ ಹತ್ತಿ ಬೆಳೆದಂತೆ ಬೂಷ್ಟು, ಅದರಲ್ಲಿ ಕಾಲು ಸಿಕ್ಕಿಕೊಂಡು ಸತ್ತ ನೊಣಗಳು. ಅಳುತ್ತ ನಿಂತಿದ್ದೆ. ಪಿಎಚ್.ಡಿ. ಮಾಡುತ್ತಿದ್ದ ಅಕ್ಕ ಒಬ್ಬರು ಏನೂ ಬೈಯದೆ ಬೇರೆ ಕೋಣೆಯ ಬೀಗ ತೆಗೆದು, ಅದೇ ಸ್ಟಾಕಿನ ಇನ್ನೊಂದು ಸೆಟ್ ತೋರಿಸಿದರು. "ಎರಡು ಕಡೆ ಇಡೋದು ಇದಕ್ಕೇ ಕಣೆ. ನನ್ನಿಂದಲೂ ಒಂದ್ಸಲ ಹೋಗಿತ್ತು" ಅಂದರು. ಅವತ್ತಿನಿಂದ ಆಸಿಡ್ ಬಾಟಲಿಯನ್ನು ಒಲೆ ಹಚ್ಚುವ ಮೊದಲೇ ಪಾತ್ರೆಯ ಪಕ್ಕ ತಂದಿಡುವುದು ರೂಢಿಯಾಯಿತು.

ನನ್ನ ಪ್ರಾಜೆಕ್ಟು ಚಾಮುಂಡಿ ಬೆಟ್ಟದ ನೊಣಗಳ ಮೇಲಿತ್ತು. ಬುಡದಲ್ಲಿ, ನಂದಿಯ ಸುತ್ತಮುತ್ತ, ತುದಿಯಲ್ಲಿ, ಹೀಗೆ ಮೂರು ಎತ್ತರದಲ್ಲಿ ಯಾವ ಯಾವ ಪ್ರಭೇದ ಎಷ್ಟೆಷ್ಟು ಸಿಗುತ್ತವೆ ಎಂದು ತಿಂಗಳು ತಿಂಗಳೂ ಎಣಿಸುವುದು. ಸಂಜೆ ಬಾಟಲಿಯಲ್ಲಿ ಹಿಸುಕಿದ ಬಾಳೆಹಣ್ಣು, ಮೇಲೆ ಚೂರು ಯೀಸ್ಟ್, ನೆರಳಿರುವ ಪೊದೆಯ ರೆಂಬೆಗೆ ಕಟ್ಟಿ ಬರುವುದು. ಮರುದಿನ ಬೆಳಕು ಹರಿಯುವಷ್ಟರಲ್ಲಿ ಹೋಗಿ ಸದ್ದು ಮಾಡದೆ ಬಾಯಿಗೆ ಹತ್ತಿ ಒತ್ತಬೇಕು. ಮೆಟ್ಟಿಲ ದಾರಿಯ ಕೋತಿಗಳು ನನಗಿಂತ ಮೊದಲೇ ಬಂದು ಎಷ್ಟೋ ಬಾಟಲಿ ಖಾಲಿ ಮಾಡುತ್ತಿದ್ದವು. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದ ಹೆಂಗಸೊಬ್ಬರು "ಏನು ಹರಕೆ ಮಗಾ, ಬಾಟ್ಲಿ ಕಟ್ಟಿದ್ದೀಯ?" ಎಂದು ಕೇಳಿದ್ದರು. ನೊಣ ಎಂದು ಹೇಳಿದೆ. "ಅದೂ ಅಮ್ಮನದೇ ಬಿಡು" ಎಂದು ಮೇಲೆ ಹೋದರು.

ಲ್ಯಾಬಿನ ಎಲ್ಲ ಕೆಲಸಗಳಲ್ಲಿ ನನಗೆ ಬಲು ಪ್ರಿಯವಾದದ್ದು ಕ್ರೋಮೋಸೋಮ್ ಸ್ಲೈಡ್. ಗಾಜಿನ ಗೋಡೆ ಹತ್ತುತ್ತಿರುವ ಬಲಿತ ಹುಳವೊಂದನ್ನು ಎತ್ತಿ ಉಪ್ಪುನೀರಿನ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಮೈ ಹಿಡಿದು, ಇನ್ನೊಂದರಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಎಳೆದರೆ ಹಿಂದೆಯೇ ಎರಡು ಜೊಲ್ಲುಗ್ರಂಥಿಗಳು ಬರುತ್ತವೆ, ನೀರು ತುಂಬಿದ ಪುಟ್ಟ ಚೀಲಗಳಂತೆ. ಅಂಟಿದ ಕೊಬ್ಬು ಬಿಡಿಸಿ, ಆರ್ಸೀನ್ ಬಣ್ಣದಲ್ಲಿ ನೆನೆಸಿ, ಕವರ್‌ಸ್ಲಿಪ್ ಇಟ್ಟು ಬ್ಲಾಟಿಂಗ್ ಪೇಪರಿನ ಮೇಲಿಂದ ಹೆಬ್ಬೆರಳಲ್ಲಿ ಒತ್ತಬೇಕು. ಬೆರಳು ಒಂದು ಕೂದಲೆಳೆ ಜರುಗಿದರೂ ಹೋಯಿತು. ನನಗೆ ಮೊದಲ ಐವತ್ತು ಅರವತ್ತು ಸ್ಲೈಡುಗಳಲ್ಲಿ ಬರೀ ಕೆಂಪು ಕಲೆ ಸಿಕ್ಕಿತು. ಆಮೇಲೊಂದು ಮಧ್ಯಾಹ್ನ ಮೈಕ್ರೋಸ್ಕೋಪಿನಲ್ಲಿ ಉದ್ದನೆಯ ಪಟ್ಟೆಗಳು ಬಿಚ್ಚಿಕೊಂಡವು, ಕರಿ ಕಂಬಳಿಯ ಅಂಚಿನ ಗೆರೆಗಳ ಹಾಗೆ ದಪ್ಪ, ತೆಳು, ದಪ್ಪ, ತೆಳು. ಒಂದು ಕಡೆ ಪಟ್ಟಿ ಹೊರಳಿ ಕುಣಿಕೆ ಹಾಕಿಕೊಂಡಿತ್ತು. ಜೋಡಿಯ ಎರಡರಲ್ಲಿ ಒಂದರ ತುಂಡು ತಲೆಕೆಳಗಾಗಿದ್ದರೆ, ಪಟ್ಟೆಗೆ ಪಟ್ಟೆ ಹೊಂದಿಕೊಳ್ಳಲು ಎರಡೂ ಹೀಗೆ ಸುತ್ತಿಕೊಳ್ಳುತ್ತವೆ. ಪುಸ್ತಕದಲ್ಲಿ ಇನ್ವರ್ಷನ್ ಎಂದು ಅಂಡರ್‌ಲೈನ್ ಹಾಕಿದ್ದೆ. ಅದು ಕಣ್ಣೆದುರು ಇತ್ತು. ಅಣ್ಣನನ್ನು, ಅಕ್ಕನನ್ನು, ಕಾರಿಡಾರಿನಲ್ಲಿ ಹೋಗುತ್ತಿದ್ದ ಬೇರೆ ವಿಭಾಗದ ಹುಡುಗನನ್ನೂ ಕರೆದು ತೋರಿಸಿದೆ.

ಲ್ಯಾಬಿನ ಹೊರಗೆ ನನಗಿದ್ದದ್ದು ಎರಡು ಜಾಗ. ಒಂದು ರಂಗಾಯಣ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿ ಬೆಳೆಸಿದ್ದು. ಭಾನುವಾರ ಸಂಜೆ ಹಾಸ್ಟೆಲಿನಿಂದ ನಡೆದೇ ಹೋಗಿ ನಾಟಕ ನೋಡಿ, ಮೆಸ್ಸಿನಲ್ಲಿ ಗೆಳತಿಯರು ಮುಚ್ಚಿಟ್ಟ ಅನ್ನ ತಣ್ಣಗೆ ತಿನ್ನುತ್ತಿದ್ದೆವು. ಇನ್ನೊಂದು ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1864ರ ಕೆರೆ. ಮಾನಸಗಂಗೋತ್ರಿ ಎಂಬ ಹೆಸರು ಕೊಟ್ಟ ಕುವೆಂಪು ಅವರು ವಾಕಿಂಗ್ ಹೋಗುತ್ತಿದ್ದ ಏರಿ. ಬೆಳಿಗ್ಗೆ ಆರಕ್ಕೆ ಏರಿಯ ಮೇಲೆ ನಿಂತರೆ ಹಾವಕ್ಕಿ ರೆಕ್ಕೆ ಹರಡಿ ಬಿಸಿಲು ಕಾಯುತ್ತಿರುತ್ತಿತ್ತು, ಗುಳುಮುಳುಕ ಇಲ್ಲಿ ಮುಳುಗಿ ಅಲ್ಲಿ ಏಳುತ್ತಿತ್ತು. ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಹಿತ್ತಿಲ ಹುಣಸೆ ಮರದಲ್ಲಿ ಗೂಡು ಕಟ್ಟುವ, ಊರವರು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎನ್ನುವ ಅದೇ ಹಕ್ಕಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಕ್ಲಾಸಿನಲ್ಲಿ ಪ್ರಶ್ನೆ ಕೇಳಲು ಇಂಗ್ಲಿಷ್ ವಾಕ್ಯ ಜೋಡಿಸುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಆದರೆ ಕೆರೆಯ ನೋಟ್‌ಬುಕ್ ಪೂರಾ ಕನ್ನಡದಲ್ಲಿತ್ತು. ಅದನ್ನು ಕಂಡ ನಮ್ಮ ಗೈಡ್, "ಪ್ರಾಜೆಕ್ಟಿನ ಟಿಪ್ಪಣಿಯನ್ನೂ ಮೊದಲು ಹೀಗೇ ಬರಿ, ಆಮೇಲೆ ಇಂಗ್ಲಿಷ್ ಮಾಡೋಣ" ಅಂದರು. ಈಗ ಎಂ.ಎಸ್ಸಿ.ಗೆ ಹೋಗುತ್ತಿರುವ ನಮ್ಮ ಕಾಲೇಜಿನ ಮಕ್ಕಳಿಗೆ ನಾನು ಹೇಳುವುದೂ ಅದನ್ನೇ. ನಾಚಿಕೊಳ್ಳಬೇಡಿ, ಕನ್ನಡದಲ್ಲಿ ಯೋಚಿಸಿ ಬರೆದಿಡಿ.

2005ರ ಮಳೆಗಾಲಕ್ಕೆ ಕಟ್ಟೆ ತುಂಬಿತು. ನಾನು ಅಷ್ಟರಲ್ಲಿ ಓದು ಮುಗಿಸಿದ್ದೆ. ಅಪ್ಪ ಕಬ್ಬು ಹಾಕಿದರು, ಕೊಪ್ಪರಿಗೆ ಮತ್ತೆ ಒಲೆ ಏರಿತು. ಮೊದಲ ಅಡುಗೆಯ ಬೆಲ್ಲದಲ್ಲಿ ನಾಲ್ಕು ಅಚ್ಚು ಪೇಪರಿನಲ್ಲಿ ಸುತ್ತಿ, "ಆ ನೊಣದ ಅಣ್ಣಂಗೆ ಕೊಡವ್ವ" ಎಂದರು. ತೆಗೆದುಕೊಂಡು ಮೈಸೂರಿಗೆ ಹೋದೆ. ಅಣ್ಣ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಒಂದು ಅಚ್ಚು ಮನೆಗೆಂದು ಚೀಲಕ್ಕಿಟ್ಟು, ಉಳಿದದ್ದನ್ನು ತೂಕ ಮಾಡಿ ಪಾತ್ರೆಯ ಪಕ್ಕ ಇಟ್ಟರು.

ನಾನು ಕಪಾಟು ತೆಗೆದು ನೋಡಿದೆ. ನಾನು ಕಾಯುತ್ತಿದ್ದ ನಸೂಟ ಬಾಟಲಿ ಅದೇ ಜಾಗದಲ್ಲಿತ್ತು. ಲೇಬಲ್ಲಿನ ಮೇಲೆ ಆ ವಾರದ ತಾರೀಖು, ನನಗೆ ಗುರುತಿಲ್ಲದ ದುಂಡನೆಯ ಅಕ್ಷರದಲ್ಲಿ. ಒಳಗೆ ಗಾಜಿನ ಗೋಡೆ ಹಿಡಿದು ಹುಳಗಳು ಮೇಲಕ್ಕೆ ಹತ್ತುತ್ತಿದ್ದವು.