ಒಂದು ಚಪ್ಪಡಿ ಎಳೆದರೆ ನಾಲ್ಕೂ ಹೋದಂತೆ

ಗ್ರಾಮವಾರು ಪುರಾತತ್ವ ಸರ್ವೇಕ್ಷಣೆಗೆಂದು ನಮಗೆ ಕೊಟ್ಟಿರುವ ನಮೂನೆಯಲ್ಲಿ ಶಿಲಾಸಮಾಧಿಗೆ, ಅಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಪ್ರಾಚೀನ ಗೋರಿಗೆ, ಮೀಸಲಾದದ್ದು ಒಂದೇ ಸಾಲು: ಉತ್ತಮ, ಶಿಥಿಲ, ನಾಶ. ಚಪ್ಪಡಿಯಲ್ಲಿ ಕೊರೆದ ಕಂಡಿ ಯಾವ ದಿಕ್ಕಿಗಿದೆ, ಚಪ್ಪಡಿಗಳು ಹೇಗೆ ನಿಂತಿವೆ ಎಂದು ಬರೆಯಲು ಜಾಗವೇ ಇಲ್ಲ. ಸೋಮವಾರಪೇಟೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ನಡೆದದ್ದನ್ನು ನೆನೆದರೆ ಆ ನಮೂನೆಯ ಮೇಲೆ ಈಗಲೂ ಸಿಟ್ಟು ಬರುತ್ತದೆ.

ದೊಡ್ಡಮಳ್ತೆಯ ಮೋರಿಬೆಟ್ಟದಲ್ಲಿ ಇಂಥ ಗೋರಿಗಳು ಗುಂಪಾಗಿಯೇ ಇವೆ. ಹಾಗಾಗಿ ತೋಟದ ಒಂಟಿ ಗೋರಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಿಂದಿನ ತಂಡ ಇದಕ್ಕೆ ‘ಶಿಥಿಲ’ ಎಂದು ಗುರುತು ಹಾಕಿ ಹೋಗಿತ್ತು. ಮರುಪರಿಶೀಲನೆಗೆ ನಾವು ಹೋದದ್ದು ಫೆಬ್ರವರಿಯಲ್ಲಿ. ಹೂವಿಗೆ ಸ್ಪ್ರಿಂಕ್ಲರ್ ಹಾಕಲು ನೀರು ಬೇಕೆಂದು ಕೆರೆ ತೆಗೆಸುತ್ತಿದ್ದರು. ಜೆಸಿಬಿ ಮುಚ್ಚುಗಲ್ಲನ್ನು ಆಗಲೇ ಪಕ್ಕಕ್ಕೆ ನೂಕಿತ್ತು. ಬಕೆಟ್ಟಿನ ಹಲ್ಲು ಪೂರ್ವದ ಕಂಡಿಗಲ್ಲಿನ ನೆತ್ತಿಯ ಮೇಲಿತ್ತು, ಎಂಜಿನ್ ಓಡುತ್ತಲೇ ಇತ್ತು.

“ಪಟ್ಟಿಯಲ್ಲಿ ಶಿಥಿಲ ಎಂದೇ ಇದೆಯಲ್ಲ” ಎಂದರು ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್. ನನ್ನ ಸಹೋದ್ಯೋಗಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 100 ಮೀಟರ್ ನಿಷೇಧಿತ ವಲಯ ಎಂದು ಶುರುಮಾಡಿದರು. ಅದು ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗಷ್ಟೇ ಅನ್ವಯವೆಂದು ರೈಟರಿಗೂ ಗೊತ್ತಿತ್ತು. ಗಂಟೆ ಲೆಕ್ಕದ ಬಾಡಿಗೆಯ ಚಾಲಕ ಲಿವರಿನಿಂದ ಕೈ ತೆಗೆಯಲಿಲ್ಲ.

ನಾನು ಚಾಲಕನನ್ನೇ ಕೆಳಗೆ ಕರೆದು ಮೂಲೆಗಳನ್ನು ತೋರಿಸಿದೆ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಹೊರಗೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒಳಕ್ಕೆ ಒತ್ತಿದಷ್ಟೂ ನಾಲ್ಕೂ ಒಂದನ್ನೊಂದು ಬಿಗಿಹಿಡಿಯುತ್ತವೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಕಂಡದ್ದೂ ಇದೇ ಜೋಡಣೆ. ಚಾಲಕ ಮೂಲೆಗೆ ಕೈಯಿಟ್ಟು ನೋಡಿ, “ಇದನ್ನೆಳೆದರೆ ಆ ಕಡೆಯದು ಒಳಕ್ಕೆ ಬೀಳುತ್ತದೆ” ಎಂದವನೇ ಹೋಗಿ ಎಂಜಿನ್ ಆರಿಸಿದ. ಕಬ್ಬಿಣದ ಯುಗದ ಜನರ ಲೆಕ್ಕಾಚಾರ ನಮ್ಮೆಲ್ಲರಿಗಿಂತ ಬೇಗ ಅವನಿಗೆ ಅರ್ಥವಾಗಿತ್ತು. ಆಮೇಲೆ ಮಾಲೀಕರು ಫೋನಿನಲ್ಲೇ ಕೆರೆಯನ್ನು ಗದ್ದೆಯ ಅಂಚಿಗೆ ಸರಿಸಲು ಒಪ್ಪಿದರು.

ಒಳಗಿನ ಮಣ್ಣಿನಲ್ಲಿ ಒಂದು ಬಟ್ಟಲಿನ ಅಂಚು ಕಾಣುತ್ತಿತ್ತು: ಒಳಗೂ ಬಾಯಿಯ ಸುತ್ತಲೂ ಕಪ್ಪು, ಕೆಳಗೆ ಕೆಂಪು. ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಗುತ್ತದೆ. ನಾನು ಅದನ್ನು ಮುಟ್ಟಲಿಲ್ಲ, ಬ್ರಷ್ ಕೂಡ ಆಡಿಸಲಿಲ್ಲ. ಮೊದಲು ದಿಕ್ಸೂಚಿ ಇಟ್ಟು ನಕ್ಷೆ ಬರೆದೆ, ನಂತರ ಸ್ಕೇಲ್ ಇಟ್ಟು ಫೋಟೊ ತೆಗೆದೆ. ಕೊಡಗಿನ ಮಳೆಗೆ, ಈ ಆಮ್ಲೀಯ ಮಣ್ಣಿನಲ್ಲಿ ಮೂಳೆ ಉಳಿಯುವುದೇ ಅಪರೂಪ. ಯಾವುದು ಎಲ್ಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂಬುದೇ ಇಲ್ಲಿ ಸಾಕ್ಷ್ಯ. ವೀಲರ್ ಈ ಗೋರಿಗಳನ್ನು ಕ್ರಿಸ್ತಪೂರ್ವ 2ನೇ ಶತಮಾನದ ಆಚೆಗೆ ಒಯ್ದಿರಲಿಲ್ಲ. ಮುಂದಿನ ಕಾಲನಿರ್ಣಯಗಳು ದಕ್ಷಿಣ ಭಾರತದ ಈ ಸಂಸ್ಕೃತಿಯನ್ನು ಕ್ರಿಸ್ತಪೂರ್ವ 1000ಕ್ಕೂ ಹಿಂದಕ್ಕೆ ಒಯ್ದವು. ಕದಲದ ಗೋರಿಗಳು ಉಳಿದರೆ ಇಂಥ ತಿದ್ದುಪಡಿಗೆ ಅವೂ ನೆರವಾಗುತ್ತವೆ.

ಹೊಸಬರಿಗೆ ನಾನು ಹೇಳುವುದಿಷ್ಟು: ತೋಟಕ್ಕೆ ಹೋದರೆ ರೈಟರ್ ಜೊತೆಗೆ ಚಾಲಕರನ್ನೂ ಮಾತನಾಡಿಸಿ. ‘ಶಿಥಿಲ’ ಎಂದು ಬರೆಯುವ ಮುನ್ನ ನಾಲ್ಕೂ ಮೂಲೆ ನೋಡಿ. ಆ ಪದವನ್ನು ಓದಿದವರು ಅದನ್ನು ಅನುಮತಿ ಎಂದೇ ತಿಳಿಯುತ್ತಾರೆ. ಹೊಸ ನಮೂನೆ ಬರುವವರೆಗೆ ಪ್ರತಿ ಗೋರಿಗೂ ಒಂದು ನಕ್ಷೆಯ ಹಾಳೆ ಪಿನ್ ಮಾಡಿ ಕಳಿಸುತ್ತಿದ್ದೇನೆ. ಆ ಹಾಳೆಯನ್ನು ಕಿತ್ತಿಟ್ಟು ನಮೂನೆಯೊಂದನ್ನೇ ಸ್ಕ್ಯಾನ್ ಮಾಡುವುದನ್ನು ಕಚೇರಿಯವರು ಇನ್ನಾದರೂ ನಿಲ್ಲಿಸಬೇಕು.